ಸೈಕಾಲಜಿ ಸೀಟಿಗೆ ವೇಣಿಯ ಸಲಹೆ

ಕುಂದಲಹಳ್ಳಿಯ ಹಳೇ ಮನೆತನಗಳಲ್ಲಿ ಸೈಕಾಲಜಿ ಎಂಎಸ್‌ಸಿ ಮಾಡಿದವಳು ವೇಣಿ ಒಬ್ಬಳೇ. ವೈಟ್‌ಫೀಲ್ಡಿನ ದೊಡ್ಡ ಕಂಪನಿಯಲ್ಲಿ ಮಗಳು ಕೌನ್ಸೆಲರ್, ನಲವತ್ತು ಸಾವಿರ ಸಂಬಳ ಎಂದು ತಾಯಿ ಸೊಣ್ಣಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು. ತಾಯಿಯನ್ನು ದೂರಿ ಏನು ಬಂತು, ಆಕೆಗೆ ಹಾಗೆ ಹೇಳಿದವಳು ವೇಣಿಯೇ. ನಿಜದಲ್ಲಿ ಅವಳಿದ್ದದ್ದು ಕೆಲಸ ಕೊಡಿಸುವ ಒಂದು ಏಜೆನ್ಸಿಯಲ್ಲಿ. ಹೆಡ್‌ಫೋನ್ ಸಿಕ್ಕಿಸಿಕೊಂಡು "ಸಾರ್, ನಾಳೆ ಇಂಟರ್‌ವ್ಯೂಗೆ ಬರ್ತೀರಲ್ವಾ?" ಎಂದು ದಿನವಿಡೀ ಕೇಳುವುದೇ ಕೆಲಸ. ಕೈಗೆ ಬರುತ್ತಿದ್ದುದು ಹದಿನಾಲ್ಕು ಸಾವಿರ. ಆಸ್ಪತ್ರೆಗಳನ್ನೂ ಸುತ್ತಿದ್ದಳು. ಕೆಲವರು ಎಂಫಿಲ್ ಮಾಡಿಕೊಂಡು ಬಾ ಎಂದರು, ಉಳಿದವರು ಮೊದಲ ವರ್ಷ ಸಂಬಳವಿಲ್ಲದೆ ದುಡಿ ಎಂದರು.

ಒಂದು ಭಾನುವಾರ ಬೆಳಗ್ಗೆ ಪಕ್ಕದ ಬೀದಿಯ ಮುನೀಂದ್ರ ಬಂದ. ಅಪ್ಪನ ಕಾಲದ ರಾಗಿಹೊಲದಲ್ಲಿ ಪಿಜಿ ಹಾಸ್ಟೆಲ್ ಕಟ್ಟಿಸಿದ ಮೇಲೆ ಬಿಳಿ ಶರ್ಟು ಬಿಟ್ಟು ಬೇರೆ ಬಣ್ಣ ಮುಟ್ಟದವನು. ಜೊತೆಯಲ್ಲಿ ಮಗಳು ಧನಲಕ್ಷ್ಮಿ. ಅವಳ ಪಿಯುಸಿ ಮುಗಿದಿತ್ತು, ಕಾಲೇಜಿಗೆ ಸೇರಲು ಮರುದಿನವೇ ಕೊನೆ. ಮಗಳು ಸೈಕಾಲಜಿ ಎಂದು ಹಟ ಹಿಡಿದಿದ್ದಳು, ಅಪ್ಪ ಬಿಕಾಂ ಎನ್ನುತ್ತಿದ್ದ.

"ನೀನೇ ಏಳಮ್ಮ ವೇಣಿ. ನೀನು ಸೇರ್ಸು ಅಂದ್ರೆ ಕಣ್ಮುಚ್ಕೊಂಡು ಸೇರಿಸ್ಬಿಡ್ತೀನಿ. ಕಾಲೇಜು ಶುರುವಾಗೋಗಂಟ ದಿನಾ ನಿನ್ ಜೊತೆ ಆಫೀಸ್ಗೆ ಕರ್ಕೊಂಡೋಗು. ನೀನು ಎಂಗೆ ಕೆಲ್ಸ ಮಾಡ್ತೀಯ ಅಂತ ನೋಡ್ಲಿ."

"ಅದ್ಕೇನು, ಕರ್ಕೊಂಡೋಗ್ತಾಳೆ ಬಿಡಪ್ಪ," ಎಂದು ಸೊಣ್ಣಮ್ಮ ಒಳಗಿನಿಂದಲೇ ಒಪ್ಪಿಬಿಟ್ಟಳು.

ಹುಡುಗಿ ಒಂದು ದಿನ ಆಫೀಸಿಗೆ ಬಂದರೂ ಬಣ್ಣ ಬಯಲಾಗುತ್ತದೆ.

"ಬೇಡ ಅಣ್ಣ," ಎಂದಳು ವೇಣಿ. "ಬೇರೆಯವ್ರ ಗೋಳು ಕೇಳಿ ಕೇಳಿ ನಮ್ಮ ತಲೇನೇ ಕೆಡುತ್ತೆ. ಆಮೇಲೆ ಗಂಡಿನ ಕಡೆಯವ್ರು, ಹುಚ್ಚರ ಜೊತೆ ಕೆಲಸ ಮಾಡೋ ಹುಡುಗಿ ಬೇಡ ಅಂತಾರೆ. ನಂಗೇ ಎರಡು ಸಂಬಂಧ ಹಂಗೆ ತಪ್ಪೋಯ್ತು."

ಒಂದೂ ತಪ್ಪಿರಲಿಲ್ಲ. ಆದರೆ ಮದುವೆಯ ಮಾತೆತ್ತಿದರೆ ಮುನೀಂದ್ರ ಮರುಮಾತಾಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಆಗಲೇ ಎದ್ದಿದ್ದ. "ಬಿಕಾಮ್ಮೇ ಸರಿ," ಎನ್ನುತ್ತಾ ಸ್ಕೂಟರಿನ ಕಡೆ ನಡೆದ.

ಧನಲಕ್ಷ್ಮಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನಿಂತಳು.

"ಅಕ್ಕ, ಅಮ್ಮ ಹೋದಾಗ ಎಲ್ಲಾರೂ ಅಳ್ಬೇಡ, ಊಟ ಮಾಡು ಅಂದ್ರು. ನೀವೊಬ್ರೇ ಅಳೋಕೆ ಬಿಟ್ರಿ. ಸಂಜೆವರ್ಗೂ ಪಕ್ಕದಲ್ಲೇ ಕೂತಿದ್ರಿ. ಅದನ್ನ ಕಲೀಬೇಕು ಅಂತ ಆಸೆ ಇತ್ತು, ಅಷ್ಟೇ."

ವೇಣಿ ಓದಿದ್ದು ಯಾರಿಗಾದರೂ ಉಪಯೋಗಕ್ಕೆ ಬಂದಿದ್ದರೆ ಅದು ಆ ಒಂದು ದಿನ, ಈ ಒಂದು ಹುಡುಗಿಗೆ. ತನ್ನ ಮರ್ಯಾದೆ ಉಳಿಸಿಕೊಳ್ಳಲು ಅವಳ ಬಾಯಿಗೇ ಮಣ್ಣು ಹಾಕಿದೆನಲ್ಲ ಎಂದು ನಾಚಿಕೆಯಾಯಿತು. ಬರಿಗಾಲಲ್ಲೇ ಗೇಟಿಗೆ ಓಡಿದಳು.

"ಅಣ್ಣ, ನಿಲ್ಲಿ! ನಾನು ಹೇಳಿದ್ದು ಸುಳ್ಳು. ಯಾವ ಸಂಬಂಧನೂ ತಪ್ಪಿಲ್ಲ. ನಾನು ಕೌನ್ಸೆಲರ್ರೂ ಅಲ್ಲ, ಏಜೆನ್ಸೀಲಿ ಫೋನ್ ಮಾಡ್ತೀನಿ. ನಲವತ್ತಲ್ಲ, ಹದಿನಾಲ್ಕು ಸಾವಿರ ಬರೋದು. ಇವಳನ್ನ ಸೈಕಾಲಜಿಗೇ ಸೇರ್ಸಿ. ಇವಳಿಗೆ ಬರುತ್ತೆ, ನಂಗಿಂತ ಚೆನ್ನಾಗಿ ಬರುತ್ತೆ."

ಕಾಫಿ ಲೋಟ ಹಿಡಿದು ಹೊರಬಂದ ಸೊಣ್ಣಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಮುನೀಂದ್ರ ಸ್ಕೂಟರ್ ಆಫ್ ಮಾಡಿ ವೇಣಿಯ ಕಡೆ ತಿರುಗಿದ. ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಐದ್ ವರ್ಷ ಓದಿ ಹದಿನಾಲ್ಕು ಸಾವ್ರಾನಾ? ನಮ್ ಪಿಜಿ ಅಡ್ಗೆಯವನಿಗೇ ಅಷ್ಟು ಕೊಡ್ತೀನಲ್ಲಮ್ಮ!" ಅವನ ದನಿ ಮೆತ್ತಗಾಯಿತು. "ನಿನ್ ಮಾನ ಓದ್ರೂ ಓಗ್ಲಿ ಅಂತ ನನ್ ಮಗಳನ್ನ ಉಳಿಸ್ದೆ ಕಣವ್ವ. ಈ ಉಪಕಾರ ಮರೆಯಾಕಿಲ್ಲ."

"ಅಣ್ಣ, ನಾನು ಹೇಳಿದ್ದು ಅದಲ್ಲ..."

ಸ್ಕೂಟರ್ ಹೊರಟಿತು. ಹಿಂದೆ ಕೂತಿದ್ದ ಧನಲಕ್ಷ್ಮಿ ಕತ್ತು ತಿರುಗಿಸಿ, ಅಕ್ಕನಿಗೆ ಬೇಜಾರಾಗದಿರಲಿ ಎಂದು ನಕ್ಕಳು.