ಪುಷ್ಪಲತಾಳ ಹನ್ನೊಂದನೆಯ ತಿಂಗಳು

ಕೊಬ್ಬರಿ ಅಟ್ಟದ ಕೆಳಗೆ ಮಲಗಿದವರಿಗೆ ಹಗಲಲ್ಲೂ ಕನಸು ಬೀಳುತ್ತದೆ. ಕಂದಿಕೆರೆಯ ಪುಷ್ಪಲತಾಳಿಗೆ ಹತ್ತು ತಿಂಗಳಿಂದ ಅದೇ ಕೆಲಸ. ಮೇಲೆ ಅಟ್ಟದ ತುಂಬ ತೆಂಗಿನಕಾಯಿಗಳು ತಮ್ಮ ಪಾಡಿಗೆ ತಾವು ಒಣಗುತ್ತಿದ್ದವು, ಕೆಳಗೆ ಮಂಚದ ಮೇಲೆ ಇವಳು. ಕಿಟಕಿಯ ಬಿಸಿಲು ಈ ಗೋಡೆಯಿಂದ ಆ ಗೋಡೆಗೆ ತೆವಳುವಷ್ಟರಲ್ಲಿ ಮೂರು ಸಲ ಕಣ್ಣು ಹತ್ತುತ್ತಿತ್ತು. ಕನಸಿನಲ್ಲಿ ತೊಡೆಯೊಳಗೆ ಬಿಳಿ ಬೇರುಗಳು ಸದ್ದಿಲ್ಲದೆ ಹಬ್ಬುತ್ತಿದ್ದವು. ಎಷ್ಟು ಹಿತವಾಗಿತ್ತೆಂದರೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಎಚ್ಚರವಾದರೆ ಮಾತ್ರ ಹೆದರಿಕೆ.

ಹೆದರುವುದಕ್ಕೆ ಕಾರಣವೂ ಇತ್ತು. ಏಣಿಯಿಂದ ಜಾರಿ ಸೊಂಟದ ಕೀಲು ಮುರಿದಾಗ ಹಾಕಿದ ಮೊದಲ ಲೋಹದ ಕೀಲು ಕೀವು ತುಂಬಿ, ಸಡಿಲಾಗಿ, ಅದನ್ನು ತೆಗೆಯಬೇಕಾಯಿತು. ಹತ್ತು ತಿಂಗಳ ಹಿಂದೆ ಎರಡನೆಯದನ್ನು ಹಾಕುವ ಮುಂಚೆ ತಿಪಟೂರಿನ ಡಾಕ್ಟರ್ ಜೀವಿತಾ ಮುಚ್ಚುಮರೆಯಿಲ್ಲದೆ ಹೇಳಿದ್ದರು.

"ಇದೂ ಹೋದ್ರೆ ಇನ್ನೊಂದು ಹಾಕೋಕೆ ಮೂಳೆ ಉಳಿಯಲ್ಲ ಕಣಮ್ಮ. ಆದ್ರೆ ಇದರ ಮೈಮೇಲೆ ಒಂದು ಲೇಪ ಇದೆ. ಮೂಳೆಯಲ್ಲಿರೋ ಸುಣ್ಣದಂಥದ್ದನ್ನೇ ತೆಳ್ಳಗೆ ಬಳಿದಿದ್ದಾರೆ. ಮೂಳೆ ಅದನ್ನ ತನ್ನದೇ ಅಂದ್ಕೊಂಡು ಹತ್ರ ಬಂದು ಅಂಟ್ಕೊಳ್ಳುತ್ತೆ. ಜೊತೆಗೆ ಚೂರು ಬೆಳ್ಳಿ, ಕ್ರಿಮಿ ಕೂರಬಾರದು ಅಂತ."

"ನಾನು ಹಾಕಿದ ಬೆಳ್ಳಿ ಕಾಲುಂಗುರ ಸಾಲ್ದೆ ಒಳಗೂ ಬೆಳ್ಳಿ ಹಾಕಿಸ್ಕಂತಿದ್ದೀಯ ಕಣೇ" ಎಂದು ಗಂಡ ರಂಗರಾಜು ನಗಿಸಲು ನೋಡಿದ್ದ. ಅವಳು ನಕ್ಕಿರಲಿಲ್ಲ.

ಮೂವತ್ತು ವರ್ಷ ಕೊಬ್ಬರಿಯೊಂದಿಗೆ ಬಾಳಿದ ತಲೆ ಅದು. ಅಟ್ಟಕ್ಕೆ ಹಾಕಿದ ಕಾಯಿಯ ತಿರುಳು ಹನ್ನೊಂದು ತಿಂಗಳಿಗೆ ಒಳಗೇ ಒಣಗಿ ಚಿಪ್ಪನ್ನು ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಒಳಗೆ ಅಂಟಿದ್ದು ಒಂದಲ್ಲ ಒಂದು ದಿನ ಬಿಟ್ಟೇ ಬಿಡುತ್ತದೆ ಎನ್ನುವುದು ಅವಳಿಗೆ ಯಾರೂ ಕಲಿಸದೆ ಬಂದ ವಿದ್ಯೆ. ಹಾಗಾಗಿ ಮೂರನೆಯ ತಿಂಗಳಿಗೇ ಕಾಲೂರಿ ನಡೆಯಿರಿ ಎಂದು ಡಾಕ್ಟರು ಹೇಳಿದ್ದರೂ ಇವಳು ಊರಲಿಲ್ಲ. ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದು ಕಡೆ ಗಂಡನ ಕೈ, ನಡುವೆ ಒಂದೇ ಕಾಲು. ಫೋನಿನಲ್ಲಿ ಡಾಕ್ಟರು ಕೇಳಿದರೆ "ನಡೀತಿದ್ದಾಳೆ ಮೇಡಂ" ಎಂದು ಸುಳ್ಳು ಹೇಳುತ್ತಿದ್ದವನು ರಂಗರಾಜುವೇ. ಅವನ ಹೆದರಿಕೆ ಅವಳಿಗಿಂತ ಒಂದು ತೂಕ ಹೆಚ್ಚು. ಪ್ರೀತಿ ಇರುವ ಮನೆಯಲ್ಲಿ ಬುದ್ಧಿ ಕೊಂಚ ಕಡಿಮೆಯೇ, ಏನು ಮಾಡುವುದು.

ಹನ್ನೊಂದನೆಯ ತಿಂಗಳು ತುಂಬಿದಾಗ ಎಕ್ಸ್‌ರೇಗೆ ಹೋದರು. ಬಸ್ಸಿನಲ್ಲಿ ಪುಷ್ಪಲತಾ ತೂಕಡಿಸುತ್ತಲೇ ಇದ್ದಳು. ತೆಂಗಿನ ತೋಟಗಳು ಮುಗಿಯದೆ ಹಿಂದೆ ಹಿಂದೆ ಸರಿಯುತ್ತಿದ್ದವು. ಈ ದಾರಿ ಹೀಗೇ ಸಾಗುತ್ತಿರಲಿ, ಆಸ್ಪತ್ರೆ ಬರುವುದೇ ಬೇಡ ಎನ್ನಿಸಿತು.

ಜೀವಿತಾ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಮೂಳೆ ಬಂದು ಅಂಟಿದೆ, ನಡುವೆ ಸಂದೇ ಇಲ್ಲ. ಕೀವಿನ ಸುಳಿವೂ ಇಲ್ಲ. ಆದ್ರೆ ಸುತ್ತ ಮೂಳೆ ತೆಳ್ಳಗಾಗ್ತಿದೆ. ನೀವು ಕಾಲು ಊರ್ತಾ ಇಲ್ಲ, ಅಲ್ವಾ?"

ರಂಗರಾಜು ನೆಲ ನೋಡಿದ.

"ಹನ್ನೊಂದ್ ತಿಂಗ್ಳಾಯ್ತಲ್ಲ ಮೇಡಂ" ಎಂದಳು ಪುಷ್ಪಲತಾ. "ಬುಟ್ಬುಡೋ ಕಾಲ. ಅದುಕ್ಕೇ ಅಲ್ಲಾಡಿಸ್ದೆ ಸುಮ್ಕಿದ್ದೆ."

ಜೀವಿತಾ ಕೂಡ ಕೊಬ್ಬರಿಯ ಮನೆಯಲ್ಲೇ ಬೆಳೆದವರು, ಬಿಡಿಸಿ ಕೇಳಬೇಕಾಗಲಿಲ್ಲ. "ಕಾಯಿ ಮರದಿಂದ ಇಳಿದಿರುತ್ತೆ ಕಣಮ್ಮ, ಒಣಗುತ್ತೆ, ಬಿಡುತ್ತೆ. ಇದು ಜೀವ ಇರೋ ಮೂಳೆ. ಭಾರ ಬಿದ್ರೆ ಗಟ್ಟಿಯಾಗುತ್ತೆ, ಬೀಳದಿದ್ರೆ ಕರಗುತ್ತೆ. ಕಾಪಾಡ್ತೀನಿ ಅಂತ್ಲೇ ಕಳ್ಕೊಳ್ತಿದ್ದೀರಿ."

ಪುಷ್ಪಲತಾ ಗಂಡನ ಕೈ ಹಿಡಿದು ಎದ್ದು, ಊರುಗೋಲನ್ನು ಗೋಡೆಗೆ ಒರಗಿಸಿದಳು.

"ಕೈ ಬುಡ್ರೀ."

"ಬಿದ್ಗಿದ್ದೀಯ ಕಣೇ."

"ನೀವ್ ಬುಡ್ರೀ ಅಂದೆ."

ಅವನು ಒಂದೊಂದೇ ಬೆರಳನ್ನು ಸಡಿಲಿಸಿದ. ಅವಳು ಕಾಲೂರಿದಳು. ಮೈಯ ಭಾರ ಮೆಲ್ಲಗೆ ಇಳಿಯಿತು, ಸೊಂಟ, ತೊಡೆ, ಮಂಡಿ, ಹಿಮ್ಮಡಿ. ನೆಲ ತಣ್ಣಗಿತ್ತು. ನೋವು ಬಂತು, ಬಂದು ನಿಂತಿತು, ಕಾಲೂ ನಿಂತಿತು. ಕಣ್ಣು ತುಂಬಿ ಕೋಣೆಯೆಲ್ಲ ಮಂಜಾಯಿತು. ಆ ಮಂಜಿನಲ್ಲೇ ಒಂದು ಹೆಜ್ಜೆ, ಇನ್ನೊಂದು, ಬಾಗಿಲವರೆಗೆ ಆರು.

ತಿರುಗಿ ನೋಡಿದರೆ ರಂಗರಾಜು ಇದ್ದಲ್ಲೇ ಇದ್ದ. ಅವಳನ್ನು ಹಿಡಿದಿದ್ದ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು.

"ಬತ್ತೀರೋ ಇಲ್ವೋ" ಎಂದಳು.

ಅವನಿಗೆ ಕಾಲೇ ಏಳಲಿಲ್ಲ.