ಮೂರು ಬ್ಯಾಂಕು ಸುತ್ತಿದ ಶವಪೆಟ್ಟಿಗೆ

ಒಂಬತ್ತೂವರೆಯಾದರೂ ಎನಿಡ್‌ಳ ಶವಪೆಟ್ಟಿಗೆ ಬರಲಿಲ್ಲ. ಒಲ್ವೆನ್ ನಾಲ್ಕನೆಯ ಸಲ ಮೊಬೈಲು ತೆರೆದು ನೋಡಿದಳು. ಪ್ರತಿ ತಿಂಗಳು ಎರಡನೆಯ ತಾರೀಖು, ರೇಡಿಯೋದಲ್ಲಿ ಒಂಬತ್ತರ ಸುದ್ದಿ ಮುಗಿಯುವುದರೊಳಗೆ ಅದು ಬಂದುಬಿಡುತ್ತಿತ್ತು.

ಶವಪೆಟ್ಟಿಗೆಯೆಂದರೆ ಏಳುನೂರು ಪೌಂಡು. ಎಂಬತ್ತೊಂದು ವರ್ಷದ ಗೆಳತಿ ಎನಿಡ್ ಓಕ್ ಮರದ ಪೆಟ್ಟಿಗೆಯಲ್ಲೇ ಮಲಗಬೇಕೆಂದು ಕೂಡಿಟ್ಟ ದುಡ್ಡು. ಅದನ್ನು ಊರು ಸುತ್ತಲು ಹಚ್ಚಿದ ಪುಣ್ಯ ಒಲ್ವೆನ್‌ಳದು. ಲನೆಲ್ಲಿ ಎಂಬ ಆ ಕಡಲೂರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬಡಿಸಿಯೂ ಒಂದು ಆಲೂಗಡ್ಡೆ ಪೋಲು ಮಾಡದವಳು, ನಿವೃತ್ತಿಯಾದ ಮೇಲೆ ಆ ಜಾಣತನವನ್ನೆಲ್ಲ ಬ್ಯಾಂಕುಗಳ ಮೇಲೆ ತಿರುಗಿಸಿದ್ದಳು. ಹಳೆಯ ಬ್ಯಾಂಕು ಬಿಟ್ಟು ತಮ್ಮಲ್ಲಿಗೆ ಬಂದವರಿಗೆ ಹೊಸ ಬ್ಯಾಂಕುಗಳು ನೂರೆಪ್ಪತ್ತೈದು ಪೌಂಡು ಉಡುಗೊರೆ ಕೊಡುತ್ತವೆ. ಪುಕ್ಕಟೆ ಕೊಡಲು ಅವರೇನು ಸೋದರಮಾವಂದಿರೇ? ತಿಂಗಳಿಗೆ ಸಾವಿರದೈನೂರು ಖಾತೆಗೆ ಬಂದು ಬೀಳಬೇಕು. ಬೀಳದಿದ್ದರೆ ಉಡುಗೊರೆಯೂ ಇಲ್ಲ, ಮೇಲೆ ಐದು ಪೌಂಡು ಶುಲ್ಕ ಬೇರೆ. ಒಲ್ವೆನ್‌ಳ ಪಿಂಚಣಿಯೋ ಎಂಟುನೂರೈವತ್ತು. ಆದರೆ ಬಂದ ದುಡ್ಡು ಅಲ್ಲೇ ಉಳಿಯಬೇಕೆಂದು ಯಾವ ಬ್ಯಾಂಕೂ ಹೇಳಿರಲಿಲ್ಲ.

ಹಾಗಾಗಿ ಎನಿಡ್‌ಳ ಏಳುನೂರು ಬೆಳಿಗ್ಗೆ ಹೊರಟು ಒಲ್ವೆನ್‌ಳ ಖಾತೆಗೆ ಬಂದು, ಅಲ್ಲಿಂದ ಇನ್ನೊಬ್ಬ ಗೆಳತಿ ಮಾರ್ಗೆಡ್‌ಳ ಖಾತೆಗೆ ಹೋಗಿ, ಸಂಜೆ ಚಹಾದ ಹೊತ್ತಿಗೆ ಮರಳಿ ಮನೆ ಸೇರುತ್ತಿತ್ತು. ಒಲ್ವೆನ್ ಮತ್ತು ಮಾರ್ಗೆಡ್ ಎರಡು ವರ್ಷದಲ್ಲಿ ಮೂರು ಮೂರು ಸಲ ಬ್ಯಾಂಕು ಬದಲಿಸಿದ್ದರು. ಎನಿಡ್ ಮಾತ್ರ ಮದುವೆಯಾದಾಗ ತೆರೆದ ಖಾತೆ ಬಿಟ್ಟು ಕದಲಲಿಲ್ಲ. “ನಂಗ್ಯಾಕ್ರೇ ಅಲೆದಾಟ? ನನ್ನ ಪೆಟ್ಟಿಗೆ ಅಲೆದ್ರೆ ಸಾಕು,” ಎನ್ನುತ್ತಿದ್ದಳು.

ಈಗ ಒಲ್ವೆನ್‌ಳದು ನಾಲ್ಕನೆಯ ಬ್ಯಾಂಕು, ಗಡುವು ಈ ದಿನಕ್ಕೆ ಮುಗಿಯುತ್ತಿತ್ತು. ಅಡುಗೆಮನೆಯ ಕಿಟಕಿ ಮುಚ್ಚುತ್ತಿರಲಿಲ್ಲ. ಸಂದಿಗೆ ಟವಲು ತುರುಕಿದರೂ ಕಡಲ ಗಾಳಿ ಬಂದು ಬೆನ್ನಿಗೆ ಹೊಡೆಯುತ್ತಿತ್ತು. ರಿಪೇರಿಗೆ ಬಡಗಿ ಕೇಳಿದ್ದು ಸರಿಯಾಗಿ ನೂರೆಪ್ಪತ್ತೈದು.

ಎನಿಡ್ ಫೋನು ಎತ್ತಲಿಲ್ಲ. ಒಲ್ವೆನ್ ಮಾರ್ಗೆಡ್‌ಗೆ ಮಾಡಿದಳು.

“ಪೆಟ್ಟಿಗೆ ಇನ್ನೂ ಬಂದಿಲ್ಲ ಕಣೇ.”

“ಹೋಗಿ ಕೇಳು ಮತ್ತೆ,” ಎಂದಳು ಮಾರ್ಗೆಡ್. ನಲವತ್ತು ವರ್ಷ ಮಾರ್ಕೆಟ್ಟಿನಲ್ಲಿ ಚಿಪ್ಪುಮೀನು ಮಾರಿದ ಗಂಟಲು ಅವಳದು.

“ಏನಂತ ಕೇಳ್ಲಿ? ನಿನ್ನ ಶವಪೆಟ್ಟಿಗೆ ಕೊಡೇ ಅಂತಾನಾ?”

“ಹಾಗೇ ಕೇಳು. ಬದುಕಿದ್ರೆ ಕೊಡ್ತಾಳೆ.”

ಆ ಮಾತು ಕೇಳಿದ್ದೇ ಒಲ್ವೆನ್ ಫೋನಿಟ್ಟು ಎದ್ದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳು ಎನಿಡ್‌ಳ ಕೇಕಿನ ಡಬ್ಬಿ ಹುಡುಕಿ ತೆಗೆದಳು. ಖಾಲಿ ಡಬ್ಬಿ ಹಿಂದಿರುಗಿಸುವುದುಂಟೇ? ಹಿಂದಿನ ದಿನ ಕಾವಲಿಯ ಮೇಲೆ ಸುಟ್ಟ ಒಣದ್ರಾಕ್ಷಿಯ ಬಿಲ್ಲೆಗಳನ್ನು ತುಂಬಿಕೊಂಡು ಹೊರಟಳು. ದಾರಿಯುದ್ದಕ್ಕೂ ತಲೆ ಸುಮ್ಮನಿರಲಿಲ್ಲ. ಬಿದ್ದಳೋ? ಯಾವನೋ ಕಳ್ಳ ಫೋನಿನಲ್ಲಿ ಮಂಗ ಮಾಡಿ ದುಡ್ಡು ಲಪಟಾಯಿಸಿದನೋ? ಅಥವಾ ತನ್ನ ಮೇಲೆಯೇ ನಂಬಿಕೆ ಹೋಯಿತೋ? ಮೂರನೆಯದೇ ಹೆಚ್ಚು ಕೊರೆಯಿತು, ಕೊರೆದದ್ದಕ್ಕೆ ನಾಚಿಕೆಯೂ ಆಯಿತು.

ಬಾಗಿಲು ತೆರೆದ ಎನಿಡ್ ರಾತ್ರಿಯ ಗೌನಿನಲ್ಲೇ ಇದ್ದಳು. ಕಾಲಲ್ಲಿ ಮಾತ್ರ ಮೊಣಕಾಲುದ್ದದ ಉಣ್ಣೆಯ ಬೂಟು.

“ಬಾ ಬಾ. ಇದು ಕಚ್ಚುತ್ತೋ ಇಲ್ವೋ ಅಂತ ಮನೇಲೇ ನಡೆದು ನೋಡ್ತಿದ್ದೆ.”

“ಫೋನ್ ಯಾಕೆ ಎತ್ತಲಿಲ್ಲ?”

“ನೀನು ಅಂತ ಗೊತ್ತಿತ್ತು, ಅದಕ್ಕೆ.” ಎನಿಡ್ ಡಬ್ಬಿ ತೆರೆದು ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡಳು. “ಪೆಟ್ಟಿಗೆ ಖರ್ಚಾಯ್ತು ಕಣೇ. ನಾರ್ವೆಗೆ ಹಡಗು ಬುಕ್ ಮಾಡ್ದೆ. ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತಂತಲ್ಲ, ಅದನ್ನ ನೋಡೋಕೆ.”

ಒಲ್ವೆನ್ ಕುರ್ಚಿ ಎಳೆದು ಕುಳಿತಳು. ಬದುಕಿದ್ದಾಳಲ್ಲ ಎಂಬ ಸಮಾಧಾನ ಅರ್ಧ ನಿಮಿಷವೂ ನಿಲ್ಲಲಿಲ್ಲ, ಕಿಟಕಿ ನೆನಪಾಗಿ ಸಿಟ್ಟು ನೆತ್ತಿಗೇರಿತು.

“ಇವತ್ತು ಕಡೇ ದಿನ ಅಂತ ನಿಂಗೆ ಗೊತ್ತಿರ್ಲಿಲ್ವಾ? ನನ್ನ ಕಿಟಕಿ ಗತಿ?”

“ನನ್ನ ರೂಮಿಗೆ ಕಿಟಕೀನೇ ಇಲ್ಲ. ಹಡಗಿನ ಹೊಟ್ಟೇಲಿದೆ, ಅಗ್ಗ.”

“ತಮಾಷೆ ಮಾಡ್ಬೇಡ. ನಾಳೆ ನೀನು ಸತ್ರೆ ಯಾರೇ ಹೂಳೋರು?”

“ನೀವಿಬ್ರೂ,” ಎಂದಳು ಎನಿಡ್, ಯಾವತ್ತೋ ತೀರ್ಮಾನವಾದ ಮಾತಿನಂತೆ. “ನನ್ನ ಪೆಟ್ಟಿಗೆ ತೋರಿಸಿ ಒಬ್ಬೊಬ್ರು ಐನೂರ ಇಪ್ಪತ್ತೈದು ಹೊಡ್ಕೊಂಡಿದ್ದೀರಿ. ನಿನ್ನ ವಾಷಿಂಗ್ ಮಷೀನು ಯಾರ ದುಡ್ಡು? ನನ್ನ ಶವಪೆಟ್ಟಿಗೆ ಎರಡು ವರ್ಷದಿಂದ ನಿನ್ನ ಬಟ್ಟೆ ಒಗೀತಿದೆ!”

ಒಲ್ವೆನ್ ಬಿಲ್ಲೆಯ ಡಬ್ಬಿಗೆ ಮುಚ್ಚಳ ಹಾಕಿದಳು.

“ಪ್ರತಿ ತಿಂಗಳು ನೋಡ್ತಿದ್ದೆ ಕಣೇ,” ಎನಿಡ್‌ಳ ದನಿ ತಗ್ಗಿತು. “ಆ ದುಡ್ಡು ಬೆಳಿಗ್ಗೆ ಹೊರಡೋದು, ಸಂಜೆ ಬರೋದು. ನಾನು ಈ ಪಕ್ಕದ ಸ್ವಾನ್ಸಿ ದಾಟಿ ಹೋಗಿ ಹತ್ತೊಂಬತ್ತು ವರ್ಷ ಆಯ್ತು. ನನ್ನ ಹೆಣದ ದುಡ್ಡು ನನಗಿಂತ ಹೆಚ್ಚು ತಿರುಗಾಡ್ತಿದೆ ಅನ್ನಿಸ್ತು. ಹೊಟ್ಟೆಕಿಚ್ಚಾಯ್ತು.”

ಒಲ್ವೆನ್‌ಗೂ ಈಗ ಹೊಟ್ಟೆಕಿಚ್ಚಾಯಿತು, ಆದರೆ ದುಡ್ಡಿನ ಮೇಲಲ್ಲ. ಬೂಟುಗಳನ್ನೇ ನೋಡುತ್ತ ಕೇಳಿದಳು: “ಆ ಬೆಳಕು ಸದ್ದು ಮಾಡುತ್ತೇನೇ?”

“ಅದನ್ನೇ ಕೇಳಿಸ್ಕೊಂಡು ಬರ್ತೀನಿ.”

ಉಡುಗೊರೆ ತಪ್ಪಿತು. ಐದು ಪೌಂಡು ಶುಲ್ಕವೂ ಕಡಿತವಾಯಿತು, ಒಲ್ವೆನ್‌ಳ ಜನ್ಮದಲ್ಲೇ ಮೊದಲ ಬಾರಿಗೆ. ಕಿಟಕಿಗೆ ಇನ್ನೊಂದು ಟವಲು ಬಿತ್ತು. ಮೂರು ವಾರ ಕಳೆದ ಮೇಲೆ ಹಡಗಿನಿಂದ ಎನಿಡ್‌ಳ ಸಂದೇಶ ಬಂತು: “ಬೆಳಕು ಸದ್ದು ಮಾಡಲ್ಲ ಕಣೇ. ನಾನೇ ಮಾಡ್ದೆ. ಎಲ್ಲರೂ ತಿರುಗಿ ನೋಡಿದ್ರು.”

ಮುಂದಿನ ತಿಂಗಳ ಎರಡನೆಯ ತಾರೀಖು, ಒಂಬತ್ತರ ಸುದ್ದಿ ನಡೆಯುತ್ತಿದ್ದಾಗ ಮೊಬೈಲು ಗುಣುಗಿತು. ಮಾರ್ಗೆಡ್‌ಳಿಂದ ನಲವತ್ತು ಪೌಂಡು. ಜೊತೆಗೆ ಎರಡೇ ಪದ: ಎನಿಡ್ ಪೆಟ್ಟಿಗೆ. ಹಿಂದಿನ ಕೋಣೆಯಲ್ಲಿ ವಾಷಿಂಗ್ ಮಷೀನು ತಿರುಗುತ್ತಿತ್ತು. ಒಲ್ವೆನ್ ಅದರ ಸದ್ದು ಕೇಳುತ್ತ ತನ್ನ ನಲವತ್ತು ಸೇರಿಸಿ, ಎಂಬತ್ತನ್ನು ಮಾರ್ಗೆಡ್‌ಗೆ ಕಳಿಸಿದಳು. ಅಲ್ಲಿಂದ ಅದು ಮುಂದಿನ ತಿಂಗಳು ಇನ್ನಷ್ಟು ದಪ್ಪವಾಗಿ ಬರುತ್ತದೆ. ಎನಿಡ್‌ಳ ಖಾತೆಗೆ ಮಾತ್ರ ಇಬ್ಬರೂ ಬಿಡಿಗಾಸು ಕಳಿಸಲಿಲ್ಲ. ಕೈಗೆ ಸಿಕ್ಕರೆ ಆ ಮುದುಕಿ ಮತ್ತೆ ಹಡಗು ಹತ್ತುತ್ತಾಳೆ.