ಗಾದಿ ಮಾಮಾನ ಕೂಗು

ಪುಷ್ಯದ ಚಳಿ ಇನ್ನೂ ನೆಲ ಬಿಟ್ಟಿರಲಿಲ್ಲ. ನಾಗಲಗಿದ್ದದ ಹಾದಿಗುಂಟ ತೊಗರಿ ರಾಶಿ ಮುಗಿಯುತ್ತ ಬಂದಿತ್ತು. ಯಂತ್ರ ಉಗುಳಿದ ಹೊಟ್ಟು ಬದುವಿನ ಮೇಲೆ, ಬೇಲಿಯ ಮೇಲೆ, ಹಾದಿಹೋಕರ ತಲೆಯ ಮೇಲೆ ಕೂತು ಎಲ್ಲರಿಗೂ ಒಂದೇ ಬಣ್ಣ ಬಳಿದಿತ್ತು. ರಾಶಿಯಾದ ಹೊಲಗಳಿಗೆ ಕುರಿ ಬಿಡುವ ಕಾಲ. ಸಾಯಪ್ಪನ ಹೊಲದಲ್ಲಿ ಕುರಿಗಾರ ಬಂಡೆಪ್ಪ ಮಧ್ಯಾಹ್ನದಿಂದಲೇ ಗೂಟ ಬಡಿದು, ಬಲೆ ಬಿಗಿದು, ಹಟ್ಟಿಗೆ ಜಾಗ ಮಾಡುತ್ತಿದ್ದ.

ದಸರೆಯ ಹೊತ್ತಿಗೆ ಸಾಯಪ್ಪ ಅವನ ಮನೆಗೆ ಎರಡು ಚೀಲ ಬಿಳಿಜೋಳ ಹಾಕಿಸಿದ್ದ. ಅದಕ್ಕೆ ಬದಲಾಗಿ ಐದು ರಾತ್ರಿ ಆ ಹೊಲದಲ್ಲಿ ಕುರಿ ತರುಬಿ ಮಲಗಿಸಬೇಕು. ಕುರಿ ಮಲಗಿ ಎದ್ದ ನೆಲ ಬೇರೆ ಗೊಬ್ಬರ ಕೇಳುವುದಿಲ್ಲ. ಹಿಕ್ಕಿ, ಉಚ್ಚೆ, ಗೊರಸಿನ ತುಳಿತ ಎಲ್ಲ ಸೇರಿ ಮಣ್ಣು ತಾನೇ ಎದ್ದು ಕೂಡುತ್ತದೆ. ಜೋಳ ಆಗಲೇ ರೊಟ್ಟಿಯಾಗಿ, ಅಂಬಲಿಯಾಗಿ ಮುಗಿದುಹೋಗಿತ್ತು. ಅಮಾವಾಸ್ಯೆಯ ಮರುದಿನ ಕಬ್ಬು ಹಚ್ಚಲು ಸಾಯಪ್ಪ ಟ್ರ್ಯಾಕ್ಟರಿಗೆ ಹೇಳಿಟ್ಟಿದ್ದ. ಅಷ್ಟರೊಳಗೆ ಬಂಡೆಪ್ಪ ಮಾತು ತೀರಿಸಬೇಕಿತ್ತು.

ಹೊತ್ತು ಮುಳುಗಿ, ಊರಿನಲ್ಲಿ ದೀಪ ಹತ್ತಿದಾಗ ಬಂಡೆಪ್ಪ ಹಟ್ಟಿಯ ಬಾಯಿ ತೆರೆದು, ಕೋಲು ಹೆಗಲ ಮೇಲಿಟ್ಟು ಕೂಗಿದ. ಅವನಪ್ಪನ ಕೂಗು ಅದು. ನಾಲಗೆಯ ತುದಿಯಲ್ಲಿ ಡುರ್ರ್‌ ಎಂದು ಹೊರಟು, ನಡುವೆ ಒಡೆದು, ಕೊನೆಗೆ ಮೂಗಿನಲ್ಲಿ ಹ್ಯಾಯ್ ಎಂದು ಮೇಲೇರುವುದು. ಹೊಟ್ಟೆಯಲ್ಲಿರುವಾಗಲೇ ಮರಿಗಳಿಗೆ ಅದರ ಗುರುತಾಗಿರುತ್ತದೆ ಎಂದು ಅವನ ನಂಬಿಕೆ. ಬದುವಿನಾಚೆ ಮೇಯುತ್ತಿದ್ದ ಹಿಂಡು ತಲೆ ಎತ್ತಿತು. ಕೊರಳಿಗೆ ಗಂಟೆ ಕಟ್ಟಿದ ಮುಂದಾಳು ಕುರಿ ಕೆಂಚಿ ಹಟ್ಟಿಯತ್ತ ಹೆಜ್ಜೆ ಇಟ್ಟಿತು.

ಅದೇ ಹೊತ್ತಿಗೆ ಹೊಲದ ಅಂಚಿನ ಸಾಯಪ್ಪನ ಮನೆಯಿಂದ ಅದೇ ಕೂಗು ಬಂತು. ಬಂಡೆಪ್ಪನದೇ ದನಿ, ಬಂಡೆಪ್ಪನಿಗಿಂತ ಮೂರು ಪಟ್ಟು ಜೋರು.

ಕೆಂಚಿ ನಿಂತಿತು. ಬಂಡೆಪ್ಪನನ್ನು ನೋಡಿತು, ಮನೆಯನ್ನು ನೋಡಿತು. ಕಣ್ಣ ಮುಂದಿರುವ ಬಂಡೆಪ್ಪನಿಗಿಂತ ಜೋರಾಗಿ ಕರೆಯುವ ಬಂಡೆಪ್ಪನೇ ಖರೆ ಎಂದು ಅದಕ್ಕೆ ಅನ್ನಿಸಿರಬೇಕು. ಗಂಟೆ ಅಲ್ಲಾಡಿಸುತ್ತ ಮನೆಯತ್ತ ಓಡಿತು. ಹಿಂಡು ಅದರ ಬೆನ್ನು ಹತ್ತಿತು. ಬಂಡೆಪ್ಪ ತೆರೆದ ಹಟ್ಟಿಯ ಬಾಯಲ್ಲಿ ಒಬ್ಬನೇ ಉಳಿದ.

ಇದು ಹೀಗಾಗಿದ್ದು ಜಹೀರಾಬಾದಿನ ನರೇಶನಿಂದ. ಮಳೆಗಾಲ ಮುಗಿದ ದಿನಗಳಲ್ಲಿ ರಾಯಿಕೋಡ್ ಹಾದಿಯಲ್ಲಿ ಬಂಡೆಪ್ಪ ಕುರಿ ಕರೆಯುತ್ತಿದ್ದಾಗ ನರೇಶ ಬೈಕು ನಿಲ್ಲಿಸಿದ್ದ. ಅಂಗಡಿಯವರಿಗೆ ಜಾಹೀರಾತು ಮಾಡಿಕೊಟ್ಟು ಕೇಬಲ್ ಟೀವಿಯಲ್ಲಿ ಹಾಕಿಸುವುದು ಅವನ ಕಸುಬು. ಸುಖನಿದ್ರಾ ಗಾದಿ ಸೆಂಟರಿನವರು ಆಗಷ್ಟೇ ಅವನನ್ನು ಹಿಡಿದಿದ್ದರು. ಎರಡು ದಿನದಲ್ಲಿ ಬಂಡೆಪ್ಪ ಕಂಬಳಿ ಹೊದ್ದು, ಹೊಸ ರುಮಾಲು ಸುತ್ತಿ, ಕ್ಯಾಮೆರಾದ ಮುಂದೆ ಗಾದಿಯ ಮೇಲೆ ಕೋಲು ಹಿಡಿದು ಕೂತಿದ್ದ. ಅವನು ಕೂಗುತ್ತಾನೆ, ಪ್ಯಾಂಟಿನವರು, ಸೀರೆಯವರು, ಒಬ್ಬ ಪೊಲೀಸಿನವ, ಒಬ್ಬ ಮದುಮಗ ನಾಲ್ಕೂ ದಿಕ್ಕಿನಿಂದ ಓಡಿಬಂದು ಗಾದಿಗಳ ಮೇಲೆ ಬೀಳುತ್ತಾರೆ. ಆಗ ಬಂಡೆಪ್ಪ ಟೀವಿ ನೋಡುವವರತ್ತ ತಿರುಗಿ, "ನಿದ್ದಿ ಬಂತೇನ್ರೀ?" ಎನ್ನುತ್ತಾನೆ. ತೆಲುಗಿನವರಿಗೆ ಬೇರೆ ಯಾರೋ ಅವನ ಬಾಯಲ್ಲಿ ತೆಲುಗು ಹಾಕಿದ್ದರು, ದಖನಿ ಉರ್ದುವಿನವರಿಗೆ ದಖನಿ. ಕೂಗು ಮಾತ್ರ ಮೂರಕ್ಕೂ ಒಂದೇ.

ಕೆಲಸಕ್ಕೆ ಪ್ರತಿಫಲವಾಗಿ ಒಂದು ಗಾದಿ ಸಿಕ್ಕಿತು. ಅದನ್ನು ಮನೆಗೆ ತಂದ ದಿನ ಬಂಡೆಪ್ಪ ಅದರ ಮೇಲೆ ಮಲಗಿ ನೋಡಿದ. ಬೆನ್ನಿಗೆ ನೆಲ ತಾಗದೆ, ಯಾರೋ ಎತ್ತಿ ಹಿಡಿದಂತಾಗಿ, ಎದ್ದು ಕಂಬಳಿಗೆ ಹೋದ. ಗಾದಿ ಕೆಲವು ದಿನ ಪ್ಲಾಸ್ಟಿಕ್ ಸಮೇತ ಗೋಡೆಗೆ ಒರಗಿ ನಿಂತಿತ್ತು. ಚಳಿ ಬಂದ ಮೇಲೆ ಹೆಂಡತಿ ಮಾಳಮ್ಮ ಪ್ಲಾಸ್ಟಿಕ್ ಹರಿದು, ಪಡಸಾಲೆಯಲ್ಲಿ ಹಾಸಿ, ಆಗತಾನೆ ಹುಟ್ಟಿದ ಮರಿಗಳನ್ನು ಮಲಗಿಸಿದಳು. ತಾಯಿಕುರಿಗಳು ದಿನಕ್ಕೆರಡು ಸಲ ಬಂದು ಹಾಲೂಡಿಸಿ ಹೋಗುತ್ತಿದ್ದವು.

"ನಿಮಗ ನಿದ್ದಿ ಬರಲಿಲ್ಲ, ಅವಕ್ಕಾದರೂ ಬರಲಿ" ಎಂದಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಬಂಡೆಪ್ಪ ಎಂಬ ಹೆಸರು ಸುತ್ತಲಿನ ಊರುಗಳಲ್ಲಿ ಅಳಿಸಿಹೋಗಿ ಗಾದಿ ಮಾಮಾ ಎಂಬುದು ಉಳಿಯಿತು. ಸಂತೆಯಲ್ಲಿ ಮೆಣಸಿನಕಾಯಿ ತೂಗುವವಳು ತಕ್ಕಡಿ ಕೆಳಗಿಟ್ಟು "ನಿದ್ದಿ ಬಂತೇನ್ರೀ" ಎಂದಳು. ಕಲ್ಹೇರಿನಲ್ಲಿ ಒಂದು ಮಣ್ಣಿಗೆ ಹೋದಾಗ, ಸತ್ತವನ ತಮ್ಮನೇ ಕಣ್ಣೊರೆಸಿಕೊಂಡು ಅವನನ್ನು ನೋಡಿ, ತಡೆಯಲಾರದೆ ಅದೇ ಮಾತು ಕೇಳಿದ. ಕೇಳಿ ಮತ್ತೆ ಅತ್ತ.

ಅಂದು ಸಂಜೆ ಬಂಡೆಪ್ಪ ಸಾಯಪ್ಪನ ಅಂಗಳ ಮುಟ್ಟುವಷ್ಟರಲ್ಲಿ ಹಿಂಡು ಅಲ್ಲಿ ನೆರೆದಿತ್ತು. ಕೆಂಚಿ ಹೊಸ್ತಿಲು ದಾಟಿ ಟೀವಿಯ ಮುಂದೆ ನಿಂತಿತ್ತು. ಸಾಯಪ್ಪನ ಹೆಂಡತಿ ಸಕ್ಕುಬಾಯಿ ಅದರ ಪಕ್ಕದಲ್ಲೇ ಕೂತು ಧಾರಾವಾಹಿ ನೋಡುತ್ತಿದ್ದಳು. ಅವಳಿಗೆ ಕಿವಿ ಸ್ವಲ್ಪ ಮಂದ. ಟೀವಿಯ ದನಿ ಹೊಲದ ಆ ತುದಿಗೂ ಕೇಳುತ್ತಿತ್ತು.

"ವೈನಿ, ಸ್ವಲ್ಪ ಬಂದ್ ಮಾಡ್ರಿ ಅದನ್ನ" ಎಂದ ಬಂಡೆಪ್ಪ.

"ಹ್ಯಾಂಗ ಬಂದ್ ಮಾಡ್ಲಿ? ಜಾಹೀರಾತು ಬಂದಾಗ ನಾ ಒಳಗ ರೊಟ್ಟಿ ಬಡಿಯಾಕ ಹೋಗ್ತೀನಿ. ಎಲ್ಲಾ ಮುಗದ ಮ್ಯಾಲ ಕಡೀಕ ನಿನ್ನ ಕೂಗು ಬರ್ತದ. ಅದು ಕೇಳಿ ಎದ್ದು ಬರ್ತೀನಿ. ನಿನ್ನ ಕೂಗು ಇಲ್ಲಂದ್ರ ಧಾರಾವಾಹ್ಯಾಗಿನ ಸೊಸಿ ಸತ್ತಳೋ ಉಳದಳೋ ನಂಗ ಹ್ಯಾಂಗ ತಿಳೀಬೇಕು?"

ಸಾಯಪ್ಪ ಕೊಟ್ಟಿಗೆಯಿಂದ ಬಂದ. ಅಂಗಳ ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತ.

"ಜ್ವಾಳ ಕೊಟ್ಟಿದ್ದು ಹೊಲಕ್ಕ, ಟೀವಿಗಲ್ಲ" ಎಂದ.

"ಕುರಿ ನಿನ್ನ ಮನ್ಯಾಗೇ ಅವಲ್ಲ ಅಣ್ಣಾ."

"ಮನ್ಯಾಗ ಕಬ್ಬು ಹಚ್ಚಲೇನು?"

ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಬಂಡೆಪ್ಪ ಹಿಂಡನ್ನು ಹೊಲಕ್ಕೆ ತರುವುದು, ಬಂಡೆಪ್ಪನೇ ಅದನ್ನು ಮನೆಗೆ ಕರೆದೊಯ್ಯುವುದು. ಬಲೆಯೊಳಗೆ ಮೊದಲೇ ಕೂಡಿಹಾಕಿ ನೋಡಿದ; ಕೂಗು ಬಂದ ಕೂಡಲೇ ಗೂಟ ಸಮೇತ ಬಲೆ ಎಳೆದುಕೊಂಡು ಹೋದವು. ಬೆಳಗಾದರೆ ಸಕ್ಕುಬಾಯಿ ಅಂಗಳದ ಹಿಕ್ಕಿ ಗುಡಿಸಿ ಹಿತ್ತಲ ಬದನೆ ಮಡಿಗೆ ಸುರಿಯುತ್ತಿದ್ದಳು.

ಕೊನೆಗೆ ಬಂಡೆಪ್ಪ ಹಿಂಡನ್ನು ಮಾಳಮ್ಮನಿಗೆ ಒಪ್ಪಿಸಿ ಜಹೀರಾಬಾದಿಗೆ ಹೋದ. ಬಸ್ಸಿನಲ್ಲಿ ಕಂಡಕ್ಟರ್ ಟಿಕೇಟು ಹರಿದು ಕೊಡುತ್ತ, "ನಿದ್ರ ವಚ್ಚಿಂದಾ ಮಾಮಾ?" ಎಂದು ತೆಲುಗಿನಲ್ಲಿ ಕೇಳಿದ. ಹಿಂದಿನ ಸೀಟಿನವನು ಅದನ್ನೇ ದಖನಿಯಲ್ಲಿ ಕೇಳಿದ. ಬಂಡೆಪ್ಪ ಇಬ್ಬರಿಗೂ ಇಲ್ಲ ಎಂದ. ಅದು ನಿಜವೂ ಆಗಿತ್ತು.

ನರೇಶ ಅವನನ್ನು ಕಂಡು ಎದ್ದು ಬಂದು ಕೈ ಹಿಡಿದುಕೊಂಡ. "ಕಾಕಾ, ನಿನ್ನ ಹೆಸರು ಎಲ್ಲೆಲ್ಲೋ ಹೋಗಿಬಿಟ್ಟದ. ತಾಂಡೂರಿನಿಂದ ಫೋನು ಬರ್ಲತ್ತಾವ. ಯಾವ ಹುಚ್ಚನ್ನ ಕುಂದರ್ಸೀರಿ, ಕಿವಿ ಹರದು ಹೋಗ್ಲತ್ತಾವ ಅಂತ ಬೈಲತ್ತಾರ."

"ಬೈತಾರಂದ್ರ ತಗದು ಬಿಡು."

"ಬೈತಾರಂತನೇ ಇಟ್ಟೀವಿ. ಚೊಲೋ ಅದ ಅಂದಾವ ಚಾ ಕುಡದು ಮರೀತಾನ. ಬೈದಾವ ಗಾದಿ ತಗೊಳ್ಳಾಕ ಬಂದಾಗ ನಿನ್ನ ಮಾರಿ ನೆನಪು ಮಾಡ್ಕೊಂಡೇ ಬರ್ತಾನ."

"ನನ್ನ ಕೂಗು ನಂಗ ಹೊಳ್ಳಿ ಕೊಡು, ನರೇಶ."

ನರೇಶನಿಗೆ ನಗು ಬಂತು. "ಅದೇನು ಕುಡುಗೋಲೇನು ಕಾಕಾ, ಹೊಳ್ಳಿ ಕೊಡಾಕ? ನಿನ್ನ ಗಂಟಲದಾಗೇ ಅದ."

"ಗಂಟಲದಾಗ ಅದ. ಕುರಿ ಕಿವ್ಯಾಗ ಇಲ್ಲ."

ನರೇಶ ಎರಡು ಚಹ ತರಿಸಿದ. ಗಾದಿ ಸೆಂಟರಿನ ಮಾಲಕರ ಜೊತೆ ಮಾತಾಗಿದೆ, ಯುಗಾದಿಯ ತನಕ ಏನೂ ಮಾಡಲಾಗದು ಎಂದ. ಬೇಕಾದರೆ ಬೇರೆ ಕೂಗು ಕಲಿಸು ಎಂದೂ ಹೇಳಿದ; ಕಲಿಸಿದ ಮೇಲೆ ಮೊದಲು ತನಗೆ ತಿಳಿಸಬೇಕು, ದಿಂಬಿನ ಜಾಹೀರಾತಿಗೆ ಒಂದು ಕೂಗು ಬೇಕಾಗಿದೆ. ಬಂಡೆಪ್ಪ ಚಹ ಕುಡಿಯದೆ ಎದ್ದ.

ಊರಿಗೆ ಬಂದರೆ ಸುದ್ದಿ ಬೇರೆಯೇ ಆಗಿತ್ತು. ಹಿಂಡು ಸಾಯಪ್ಪನ ಅಂಗಳಕ್ಕೂ ಹೋಗಿರಲಿಲ್ಲ. ಕೆರೆಯ ಕೆಳಗಿನ ಬೀಳಿನಲ್ಲಿ ನಿಂತು ಮೆಲುಕು ಹಾಕುತ್ತಿತ್ತು. ಮಾಳಮ್ಮ ಕಲ್ಲಿನ ಮೇಲೆ ಕೂತಿದ್ದಳು.

"ಟೀವ್ಯಾಗಿನವರು ಕರದ್ರು, ಇವು ಕಿವಿ ಸುದ್ಧಾ ಅಲುಗಿಸಲಿಲ್ಲ" ಎಂದಳು. "ಈಗ ನೀವು ಕರದು ನೋಡ್ರಿ."

ಬಂಡೆಪ್ಪ ಕೂಗಿದ. ಕೆಂಚಿ ಅವನತ್ತ ನೋಡಿತು. ಆ ನೋಟ ಅವನಿಗೆ ಗುರುತಿತ್ತು. ಜಾಹೀರಾತು ಬಂದಾಗ ಊರಿನ ಮಂದಿ ಟೀವಿಯತ್ತ ನೋಡುವ ನೋಟ ಅದು: ಮುಗಿಯಲಿ ಎಂದು ಕಾಯುವ, ಕೇಳಿಯೂ ಕೇಳದ ನೋಟ. ಅವನು ಮತ್ತೆ ಕೂಗಿದ. ಕುರಿಗಳು ಮೆಲುಕು ಹಾಕಿದವು. ಇಷ್ಟು ದಿನ ಕೂಗಿಗೆ ಓಡಿ ಹೋದವು; ಅಲ್ಲಿ ನೀರಿಲ್ಲ, ಸೊಪ್ಪಿಲ್ಲ, ಬರೀ ಗಾದಿ. ಕರೆಯುವವನು ಸುಳ್ಳ ಎಂದು ಅವಕ್ಕೆ ತಿಳಿದುಹೋಗಿತ್ತು. ಅಪ್ಪ ಬಿಟ್ಟುಹೋದ ಕೂಗಿನಲ್ಲಿ ಅಪ್ಪನ ಕಾಲದಿಂದ ಒಂದು ಸಲವೂ ಸುಳ್ಳು ಇರಲಿಲ್ಲ.

ಬಂಡೆಪ್ಪ ಹೆಂಡತಿಯ ಪಕ್ಕದ ಕಲ್ಲಿನ ಮೇಲೆ ಕೂತ. ಇಬ್ಬರೂ ಒಂದೊಂದೇ ಕುರಿಯನ್ನು ಕಿವಿ ಹಿಡಿದು ಎಳೆದು ಮನೆ ಮುಟ್ಟಿಸುವಷ್ಟರಲ್ಲಿ ಸಾಕುಸಾಕಾಯಿತು.

ಮರುದಿನ ಬೆಳಿಗ್ಗೆ ಮಾಳಮ್ಮ ಗಾದಿಯನ್ನು ಬಿಸಿಲಿಗೆ ಹಾಕಲು ಹೊರಗೆಳೆದಳು. ಮರಿಗಳ ಉಚ್ಚೆ, ಹಾಲು, ಉಣ್ಣೆ ಎಲ್ಲ ಅದಕ್ಕೆ ಹಿಡಿದು ನಾರುತ್ತಿತ್ತು. ಗಾದಿ ಅಂಗಳ ದಾಟಿ ಹಾದಿಗೆ ಬರುವಷ್ಟರಲ್ಲಿ ಆಚೆ ಬೇವಿನ ಕೆಳಗಿದ್ದ ಕುರಿಗಳೆಲ್ಲ ಮೂಗು ಎತ್ತಿದವು. ಮೊದಲು ಮರಿ ಇದ್ದ ತಾಯಂದಿರು, ಅವುಗಳ ಹಿಂದೆ ಉಳಿದವು, ಕೊನೆಗೆ ಟಗರು, ಒಂದೂ ಉಳಿಯದಂತೆ ಗಾದಿಯ ಸುತ್ತ ಬಂದು ನಿಂತವು.

ಮಾಳಮ್ಮ ಗಾದಿಯ ಮೂಲೆ ಕೈಯಲ್ಲಿ ಹಿಡಿದೇ ಗಂಡನತ್ತ ತಿರುಗಿದಳು. "ನಿಮ್ಮ ಕೂಗಿಗಿ ಬರಲಾರದ್ದು ನಿಮ್ಮ ಗಾದಿಗಿ ಬಂದಾವ ನೋಡ್ರಿ."

ಅಂದು ಸಂಜೆ ಬಂಡೆಪ್ಪ ಮುಂದೆ, ಮಾಳಮ್ಮ ಹಿಂದೆ, ನಡುವೆ ತಲೆಗಳ ಮೇಲೆ ಗಾದಿ, ಗಾದಿಯ ಮೇಲೆ ಎರಡು ಮರಿ. ಹೀಗೆ ಊರ ನಡುವಿನ ಹಾದಿಯಲ್ಲಿ ಹೊರಟರು. ಹಿಂಡು ಒಂದಕ್ಕೊಂದು ಅಂಟಿಕೊಂಡು ಹಿಂದೆ ನಡೆಯಿತು. ಮಂದಿ ಮನೆಗಳಿಂದ ಹೊರಗೆ ಬಂದು ನಿಂತರು. ಟೀವಿಯಲ್ಲಿ ನೋಡಿದ್ದೇ ಕಣ್ಣ ಮುಂದೆ ನಡೆಯುತ್ತಿತ್ತು. ಓಡಿಬರುವವರು ಮಾತ್ರ ಬೇರೆ. ಯಾರೋ ಫೋನಿನಲ್ಲಿ ಹಿಡಿದು ನಾಲ್ಕು ಕಡೆ ಕಳಿಸಿದರು. ಹೊಲ ಮುಟ್ಟುವ ಮೊದಲೇ ಮಾಳಮ್ಮನ ಸೊಂಟದ ಚೀಲದಲ್ಲಿದ್ದ ಬಂಡೆಪ್ಪನ ಫೋನು ಬಡಿದುಕೊಂಡಿತು. ಮಾಳಮ್ಮ ಗಾದಿಯಿಂದ ಒಂದು ಕೈ ಬಿಡಿಸಿ ಅದನ್ನು ತೆಗೆದಳು.

"ಕಾಕಾ, ಅಲ್ಲೇ ನಿಂದರು, ಕ್ಯಾಮೆರಾ ತಗೊಂಡು ಹೊಂಟೀನಿ" ಎಂದ ನರೇಶ.

"ನಿದ್ದಿ ಬಂತೇನ್ರೀ?" ಎಂದು ಮಾಳಮ್ಮ ಫೋನು ಇಟ್ಟಳು.

ಹಟ್ಟಿಯ ನಡುವೆ ಗಾದಿ ಹಾಸಿದರು. ಕುರಿಗಳು ಅದರ ಸುತ್ತ ಸುತ್ತಾಗಿ ಮಲಗಿದವು. ಟೀವಿಯಲ್ಲಿ ಬಂಡೆಪ್ಪ ಎಷ್ಟು ಕೂಗಿದರೂ ಒಂದೂ ಏಳಲಿಲ್ಲ. ದಿನಾ ಸಂಜೆ ಗಾದಿಯನ್ನು ಹೊಲದ ಒಂದೊಂದು ಮಗ್ಗುಲಿಗೆ ಸರಿಸಿದರು, ಕುರಿಗಳೂ ಸರಿದವು. ಐದನೆಯ ದಿನ ಸಾಯಪ್ಪ ಬರಿಗಾಲಲ್ಲಿ ಹೊಲ ತಿರುಗಿ, ಒಂದು ಹಿಡಿ ಮಣ್ಣು ಮೂಸಿ ನೋಡಿದ.

"ಈವತ್ತಿಂದು ಹಿಡದು ತೀರ್ತು" ಎಂದ. "ಜ್ವಾಳದ ಮಾತು ಇನ್ನ ಇಲ್ಲ."

"ಅಂಗಳದ ಹಿಕ್ಕಿದು ಏನಾತು?" ಎಂದು ಮಾಳಮ್ಮ ಕೇಳಿದಳು.

"ಅದು ನಂಗ ಸಂಬಂಧಿಲ್ಲ. ಬದನಿಕಾಯಿ ಯಾರವ, ಅವರನ್ನ ಕೇಳು."

ಸಕ್ಕುಬಾಯಿ ಬಾಗಿಲಲ್ಲೇ ನಿಂತಿದ್ದಳು. ಅವಳು ಇದ್ದದ್ದನ್ನು ಇಲ್ಲ ಎನ್ನುವವಳಲ್ಲ. "ಖರೆ ಅದ. ಬದನಿ ಗಿಡ ಮೊಣಕಾಲುಮಟ ಬಂದಾವ. ಏನು ಬೇಕು ಹೇಳು. ಕಾಯಿ ಒಯ್ತಿ?"

ಮಾಳಮ್ಮ ಗಂಡನತ್ತ ಬೊಟ್ಟು ಮಾಡಿದಳು. "ಕಾಯಿ ಬ್ಯಾಡ್ರಿ ಅಕ್ಕಾ. ಟೀವ್ಯಾಗ ಇವರು ಬಂದಾಗ ಬಾಯಿ ಮುಚ್ಚಸ್ರಿ."

ಸಕ್ಕುಬಾಯಿ ಬದನೆಯ ಮಡಿಯತ್ತ ನೋಡಿದಳು, ಟೀವಿಯತ್ತ ನೋಡಿದಳು. "ಸೊಸಿ ಗತಿ ದೇವರೇ ನೋಡ್ಕೋಬೇಕು" ಎಂದು ಒಪ್ಪಿದಳು.

ಅಂದು ಸಂಜೆ ಮಾಳಮ್ಮ ರೊಟ್ಟಿ ತರಲು ಮನೆಗೆ ಹೋಗಿದ್ದಳು. ಬಂಡೆಪ್ಪ ಹಟ್ಟಿಯ ಬಾಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಗಾದಿ ಅಂದು ಮನೆಯ ಮಗ್ಗುಲಿಗೇ ಇತ್ತು. ತೆರೆದ ಬಾಗಿಲಿನಿಂದ ಟೀವಿ ಕಾಣುತ್ತಿತ್ತು. ಧಾರಾವಾಹಿ ನಿಂತು ಜಾಹೀರಾತು ಹತ್ತಿದ ಕೂಡಲೇ ಸಕ್ಕುಬಾಯಿ ದನಿ ಪೂರಾ ಬಂದ್ ಮಾಡಿ ಒಳಗೆ ಹೋದಳು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಸೋಪು ಬಂತು, ಸಿಮೆಂಟು ಬಂತು. ಕೊನೆಗೆ ಬಂಡೆಪ್ಪ ಬಂದ. ಗಾದಿಯ ಮೇಲೆ ಕೂತು, ಕೋಲೆತ್ತಿ, ಕೊರಳಿನ ನರ ಉಬ್ಬಿಸಿ ಬಾಯಿ ತೆರೆದ. ಒಂದು ಸದ್ದೂ ಇಲ್ಲ. ಪೊಲೀಸಿನವನೂ ಮದುಮಗನೂ ಯಾರೂ ಕರೆಯದೆ ಓಡಿಬಂದು ಗಾದಿಯ ಮೇಲೆ ಬಿದ್ದರು.

ಅಷ್ಟು ದೊಡ್ಡ ಬಾಯಿ ತೆರೆದು ಒಬ್ಬ ಮನುಷ್ಯ ಹಾಗೆ ಮೂಕನಾಗಿರುವುದನ್ನು ನೋಡಲು ಬಂಡೆಪ್ಪನಿಗೆ ಆಗಲಿಲ್ಲ. ಅವನಿಗೇ ತಿಳಿಯದಂತೆ ಎದ್ದು ನಿಂತು, ನಾಲಗೆಯ ತುದಿಗೆ ಬಂದದ್ದನ್ನು ತಡೆಯದೆ, ಅಪ್ಪನ ಹಾಗೆ ಪೂರ್ತಿ ಗಂಟಲಿನಿಂದ ಒಮ್ಮೆ ಕೂಗಿದ.

ಹಿಂಡಿನಲ್ಲಿ ಒಂದು ಕಿವಿಯೂ ಅಲುಗಲಿಲ್ಲ. ಅಡುಗೆಮನೆಯಿಂದ ಸಕ್ಕುಬಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದು ಟೀವಿಯ ಮುಂದೆ ಕೂತಳು. ಧಾರಾವಾಹಿ ಆಗಷ್ಟೇ ಶುರುವಾಗಿತ್ತು.

ಬಂಡೆಪ್ಪ ಕಂಬಳಿ ಸರಿಮಾಡಿಕೊಂಡು ಕೂಡಲು ಬಾಗಿದಾಗ ಬೆನ್ನ ಹಿಂದೆ, ಗಾದಿಯ ಮಗ್ಗುಲಲ್ಲಿ, ಕೆಂಚಿ ತಲೆ ಎತ್ತಿರಬೇಕು, ಅದರ ಗಂಟೆ ಒಂದು ಸಲ ಸದ್ದು ಮಾಡಿತು.